ಇಂಟೆಲೋ, ಎಎಂಡಿಯೋ?

ಮೇಗುಂದದ ಓದುಗರೇ, ಕಂಪ್ಯೂಟರ್ ಕೊಳ್ಳುವ ಬಗ್ಗೆ ಕೇಳಿದ್ದೀರಿ. ಮಗಳ ಬಿ.ಕಾಂ. ಓದು, ನಿಮ್ಮ ಅಡಿಕೆ ಲೆಕ್ಕ: ಇಷ್ಟಕ್ಕೆ ಯಾವ ಕಂಪನಿಯ ಪ್ರೊಸೆಸರ್ ಆದರೂ ನಡೆಯುತ್ತದೆ. ವಿಂಡೋಸ್, ಟ್ಯಾಲಿ, ನುಡಿ ಎರಡರಲ್ಲೂ ಓಡುತ್ತವೆ. ಎಎಂಡಿ ಅಂದರೆ ‘ಎರಡನೇ ದರ್ಜೆ’ ಎಂಬ ಅಂಗಡಿಯವರ ಮಾತು ಬಿಡಿ; ಇಂಟೆಲ್ ಕೂಡ ಅಳವಡಿಸಿಕೊಂಡ 64 ಬಿಟ್ ವಿನ್ಯಾಸವನ್ನು 2003ರಲ್ಲಿ ಮಾರುಕಟ್ಟೆಗೆ ತಂದದ್ದು ಎಎಂಡಿಯೇ.

ಮೋಸ ಹೋಗುವುದು ಬ್ರ್ಯಾಂಡಿನಲ್ಲಲ್ಲ, ನಂಬರಿನಲ್ಲಿ. ರೈಜೆನ್ 5 7520ಯು, 7530ಯು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಮೊದಲನೆಯದರಲ್ಲಿರುವುದು 2019ರಲ್ಲಿ ಬಂದ ವಿನ್ಯಾಸದ ನಾಲ್ಕು ಕೋರ್. ಎರಡನೆಯದರಲ್ಲಿ ಅದಕ್ಕಿಂತ ಹೊಸತರ ಆರು. ಇಂಟೆಲ್ಲೂ ಕಡಿಮೆಯೇನಲ್ಲ: ಐ5 1335ಯುನ ಹತ್ತು ಕೋರ್‌ಗಳಲ್ಲಿ ಜೋರಿನವು ಎರಡೇ, ಉಳಿದ ಎಂಟು ಕರೆಂಟು ಉಳಿಸುವ ಸಣ್ಣವು. ಪೂರ್ತಿ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಡೆಸ್ಕ್‌ಟಾಪ್ ಆದರೆ, ಇಂಟೆಲ್ ನಂಬರಿನ ಕೊನೆಗೆ ‘ಎಫ್’ ಇದ್ದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕು, ನಿಮಗದು ದಂಡ.

ಆದರೆ ನಮ್ಮ ಮಳೆಗಾಲಕ್ಕೆ ಲ್ಯಾಪ್‌ಟಾಪೇ ಸರಿ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಬೆಲೆ ಸಮವಿದ್ದರೆ ನಾನು 7530ಯು ಕೊಳ್ಳುತ್ತಿದ್ದೆ, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಜೊತೆ. ಕೆಟ್ಟರೆ ರಿಪೇರಿ ಕೊಪ್ಪದಲ್ಲೇ ಆಗುತ್ತದೋ, ಶಿವಮೊಗ್ಗಕ್ಕೆ ಒಯ್ಯಬೇಕೋ, ದುಡ್ಡು ಕೊಡುವ ಮೊದಲೇ ಕೇಳಿ.