ಏರಿ ಬರುವ ಕಾವೇರಿ

ನೀರು ತಗ್ಗಿನತ್ತ ಹರಿಯುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಬೆಂಗಳೂರಿಗೆ ಬರುವ ಕಾವೇರಿಯಾದರೋ ಮೇಲೇರಿ ಬರುತ್ತಾಳೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರುಗಳ ಎತ್ತರದಲ್ಲಿರುವ ಈ ನಗರದ ಬಳಿ ದೊಡ್ಡ ನದಿಯಿಲ್ಲ. 1896ರಲ್ಲಿ ಹೆಸರಘಟ್ಟದ ಕೆರೆಯಿಂದಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದಲೂ ನೀರು ತಂದುದಾಯಿತು. ಜನಸಂಖ್ಯೆ ಬೆಳೆದಂತೆ ಅವೆರಡೂ ಸಾಲದೆ ಹೋದುವು. ಕೊನೆಗೆ ಸುಮಾರು 100 ಕಿಲೋಮೀಟರು ದೂರದ ಕಾವೇರಿಯನ್ನೇ ಕರೆತರಬೇಕಾಯಿತು. 1974ರಲ್ಲಿ ಮೊದಲನೆಯ ಹಂತದ ನೀರು ನಗರವನ್ನು ಮುಟ್ಟಿತು.

ಪಂಪಿನ ಕೆಲಸ ನೀರನ್ನು ಎತ್ತುವುದಷ್ಟೇ ಅಲ್ಲ. ಕೊಳವೆಯ ಒಳಮೈಗೆ ಉಜ್ಜಿಕೊಂಡು ಸಾಗುವ ನೀರು ದಾರಿಯುದ್ದಕ್ಕೂ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಈ ನಷ್ಟವನ್ನೂ ಇಂಜಿನಿಯರುಗಳು ಎತ್ತರವೆಂದೇ ಎಣಿಸುತ್ತಾರೆ. ನಿಜವಾದ ಏರು ಮತ್ತು ಘರ್ಷಣೆ ಎರಡನ್ನೂ ಕೂಡಿಸಿದರೆ ಕಾವೇರಿಯ ಪಂಪುಗಳು ಗೆಲ್ಲಬೇಕಾದ ಒಟ್ಟು ಎತ್ತರ ಸುಮಾರು 500 ಮೀಟರು. ಒಂದೇ ನೆಗೆತಕ್ಕೆ ಇದನ್ನು ದಾಟಿಸಹೊರಟರೆ ಮೊದಲ ಕೊಳವೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು 50 ಕಿಲೋಗ್ರಾಂ ಒತ್ತಡ ಬೀಳುವುದು. ಆದಕಾರಣ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆಗಳಲ್ಲಿ ಪಂಪುಗಳನ್ನಿರಿಸಿ ಭಾರವನ್ನು ಹಂಚಲಾಗಿದೆ. ಇಷ್ಟಾದರೂ ಸಾವಿರ ಲೀಟರು ನೀರಿಗೆ ಕನಿಷ್ಠ 1.4 ಯೂನಿಟ್ ವಿದ್ಯುತ್ತು ಬೇಕು. ಯಂತ್ರಗಳ ನಷ್ಟ ಸೇರಿದರೆ ಇನ್ನೂ ಹೆಚ್ಚು.

ಕೊಳವೆ ಎಷ್ಟು ದಪ್ಪವಿರಬೇಕು? ಅಷ್ಟೇ ನೀರನ್ನು ಅರ್ಧ ವ್ಯಾಸದ ಕೊಳವೆಯಲ್ಲಿ ಹರಿಸಿದರೆ ಘರ್ಷಣೆಯ ನಷ್ಟ ಸುಮಾರು 32 ಪಟ್ಟಾಗುತ್ತದೆ. ಕಿರಿದಾದ ಕೊಳವೆಯನ್ನು ಕೊಂಡವನು ಉಳಿಸಿದ ಹಣವನ್ನು ವರ್ಷವರ್ಷವೂ ವಿದ್ಯುತ್ತಿಗೆ ತೆರುತ್ತಾನೆ. ಹಾಗೆಂದು ವಿಪರೀತ ದಪ್ಪನೆಯ ಉಕ್ಕಿನ ಕೊಳವೆಯೂ ಕೈಗೆಟುಕುವಂಥದಲ್ಲ. ಎರಡು ವೆಚ್ಚಗಳ ಮೊತ್ತ ಎಲ್ಲಿ ಅತಿ ಕಡಮೆಯೋ ಆ ವ್ಯಾಸವನ್ನೇ ಆರಿಸುವರು.

ಪಂಪು ಹೀರುವ ಶಕ್ತಿಗೂ ಮಿತಿಯುಂಟು. ವಾಸ್ತವವಾಗಿ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾಯುವಿನ ಒತ್ತಡ. ಸಮುದ್ರಮಟ್ಟದಲ್ಲಿಯೂ ಅದು ಸುಮಾರು 10.3 ಮೀಟರಿಗಿಂತ ಎತ್ತರಕ್ಕೆ ತಳ್ಳಲಾರದು. ಒತ್ತಡ ತೀರ ಇಳಿದರೆ ತಣ್ಣೀರೇ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಒತ್ತಡ ಹೆಚ್ಚಿರುವೆಡೆಗೆ ಬಂದೊಡನೆ ಅವು ಸಿಡಿದು ಕುಸಿದು, ಗಟ್ಟಿ ಲೋಹವನ್ನೂ ಗೆದ್ದಲು ತಿಂದಂತೆ ಕೊರೆಯುತ್ತವೆ. ಇದಕ್ಕಾಗಿಯೇ ದೊಡ್ಡ ಪಂಪುಗಳನ್ನು ಸಾಧ್ಯವಾದಷ್ಟೂ ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿಡುವುದು ವಾಡಿಕೆ.

ಎಲ್ಲಕ್ಕಿಂತ ಭಯಂಕರವಾದುದು ನೀರಿನ ಬಡಿತ. ಮನೆಯ ನಲ್ಲಿಯನ್ನು ತಟ್ಟನೆ ನಿಲ್ಲಿಸಿದಾಗ ಗೋಡೆಯೊಳಗಿನ ಕೊಳವೆ ಕೆಲವೊಮ್ಮೆ ‘ಧಡ್’ ಎನ್ನುವುದಷ್ಟೆ. 1.2 ಮೀಟರು ವ್ಯಾಸದ ಕೊಳವೆಯಲ್ಲಾದರೋ ಪ್ರತಿ ಕಿಲೋಮೀಟರಿಗೂ 1,100 ಟನ್ನಿಗೆ ಮಿಗಿಲಾದ ನೀರು ಚಲಿಸುತ್ತಿರುತ್ತದೆ! ಸೆಕೆಂಡಿಗೆ ಒಂದು ಮೀಟರು ವೇಗದ ಆ ಹರಿವನ್ನು ಒಮ್ಮೆಲೆ ತಡೆದರೆ, ಉಕ್ಕಿನ ಕೊಳವೆಯೊಳಗೆ ಸುಮಾರು 100 ಮೀಟರು ನೀರಿನ ಕಂಬದಷ್ಟು ಹೆಚ್ಚಿನ ಒತ್ತಡವೇಳುತ್ತದೆ. ರಷ್ಯದ ವಿಜ್ಞಾನಿ ಜುಕೋವ್‌ಸ್ಕಿ ಮಾಸ್ಕೋ ನಗರದ ನೀರುಕೊಳವೆಗಳಲ್ಲಿ 1897–98ರಲ್ಲಿ ಪ್ರಯೋಗಗಳನ್ನು ನಡೆಸಿ ಈ ಒತ್ತಡದ ನಿಯಮವನ್ನು ಸ್ಥಾಪಿಸಿದನು.

ವಿದ್ಯುತ್ತು ಹಠಾತ್ತನೆ ಹೋದಾಗ ಪಂಪು ನಿಲ್ಲುತ್ತದೆ, ಮುಂದೆ ಹೋಗುತ್ತಿದ್ದ ನೀರು ನಿಲ್ಲುವುದಿಲ್ಲ. ತುಸು ದೂರ ಸಾಗಿ, ಏರಿನ ಕಾರಣ ಹಿಂದಿರುಗಿ ಪಂಪಿನತ್ತ ಧಾವಿಸುತ್ತದೆ. ಹಿಮ್ಮುಖ ಹರಿವನ್ನು ತಡೆಯುವ ಕವಾಟವನ್ನು ಈ ಕಾರಣದಿಂದಲೇ ಪಂಪಿನ ಮುಂದೆ ಅಳವಡಿಸುತ್ತಾರೆ. ಆ ಕವಾಟವೂ ರಪ್ಪನೆ ಬಡಿದುಕೊಳ್ಳಬಾರದು. ಬಡಿತದ ಹೊಡೆತವನ್ನು ನುಂಗಲು ಕೊಳವೆಗೆ ಗಾಳಿ ತುಂಬಿದ ಪಾತ್ರೆಗಳನ್ನೋ ತೆರೆದ ತೊಟ್ಟಿಗಳನ್ನೋ ಜೋಡಿಸುವುದುಂಟು. ದಿಬ್ಬಗಳ ನೆತ್ತಿಯಲ್ಲಿ ಸಿಕ್ಕಿಕೊಂಡ ಗಾಳಿ ಹೊರಹೋಗಲು, ಕೊಳವೆ ಬರಿದಾಗುವಾಗ ಗಾಳಿ ಒಳಬರಲು ಗಾಳಿಕವಾಟಗಳಿವೆ. ಕಣಿವೆಗಳ ತಳದಲ್ಲಿ ನಿಂತ ಕೆಸರನ್ನು ಹೊರಬಿಡಲು ಬೇರೆ ಕವಾಟಗಳಿವೆ.