ಸಹಿ ಹಾಕುವ ಮುನ್ನ

"ಹಳೇ ತಾರೀಖು ಹಾಕಿ ಈ ಬಿಲ್ ಪಾಸ್ ಮಾಡಿಬಿಡಪ್ಪ" ಎಂದು ಸಾಹೇಬರು ಬಾಯಿಮಾತಿನಲ್ಲಿ ಹೇಳಿದರೆ ಜಗಳಕ್ಕೆ ನಿಲ್ಲಬೇಡಿ, ಸಿಟ್ಟಿನಲ್ಲಿ ರಾಜೀನಾಮೆಯನ್ನೂ ಬಿಸಾಕಬೇಡಿ. "ಸರ್, ಇದನ್ನೊಂದು ಮೇಲ್‌ನಲ್ಲಿ ಕಳಿಸಿಬಿಡಿ" ಅನ್ನಿ. ಎಷ್ಟೋ ಆದೇಶಗಳು ಅಲ್ಲಿಗೇ ತಣ್ಣಗಾಗುತ್ತವೆ. ಕಳಿಸದಿದ್ದರೆ ನೀವೇ ಬರೆಯಿರಿ: "ನೀವು ಹೇಳಿದಂತೆ ತಾರೀಖು ಬದಲಿಸಲು ನನ್ನಿಂದಾಗದು."

ಮೋಸದ ಉದ್ದೇಶದಿಂದ ಲೆಕ್ಕ ತಿದ್ದಿದ ನೌಕರನಿಗೆ ಭಾರತೀಯ ನ್ಯಾಯ ಸಂಹಿತೆಯ 344ನೇ ಕಲಂ ಪ್ರಕಾರ 7 ವರ್ಷದವರೆಗೆ ಜೈಲು. ಸಾಹೇಬರು ಹೇಳಿದರು ಎಂಬ ಸಬೂಬು ಅಲ್ಲಿ ನಡೆಯದು. ಷೇರುಪೇಟೆಯಲ್ಲಿರುವ ಕಂಪನಿಯಾದರೆ 2013ರ ಕಂಪನಿ ಕಾಯ್ದೆಯಂತೆ ದೂರಿಗೊಂದು ವ್ಯವಸ್ಥೆ ಇರಲೇಬೇಕು. ಗಂಭೀರ ಪ್ರಕರಣವಾದರೆ ಆಡಿಟ್ ಸಮಿತಿಯ ಅಧ್ಯಕ್ಷರಿಗೇ ನೇರವಾಗಿ ಬರೆಯಬಹುದು. ಸಣ್ಣಪುಟ್ಟ ಸಂಸ್ಥೆಗಳಲ್ಲಿ ಈ ಆಸರೆ ಸಿಗುವುದು ಕಷ್ಟ, ಮೊದಲು ವಕೀಲರನ್ನು ಕಾಣಿ. ಕಂಪನಿಯ ಕಡತಗಳನ್ನು ಮಾತ್ರ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ನಿಮ್ಮನ್ನೇ ಕಳ್ಳರೆನ್ನಲು ಅವರಿಗೆ ಅಷ್ಟು ಸಾಕು.