ಕರಗುವ ಬೆಟ್ಟ

ರಾಯಚೂರಿನ ಕೋಟೆಯ ಬೆಟ್ಟವನ್ನು ನೋಡದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? 1294ರಲ್ಲಿ ಕಟ್ಟಿದ ಕೋಟೆಯನ್ನು ನಾವು ಬಹು ಪುರಾತನವೆಂದು ಎಣಿಸುವೆವು. ಆದರೆ ಅದಕ್ಕೆ ಆಧಾರವಾದ ಗ್ರಾನೈಟ್ ಶಿಲೆಯು ಹುಟ್ಟಿ ಸುಮಾರು 250 ಕೋಟಿ ವರ್ಷಗಳಾದವು. ಅದು ಅಚಲವಾಗಿ ತೋರಿದರೂ ನಿಜವಾಗಿ ಕರಗುತ್ತಲೇ ಇರುವುದು. ಈ ಕರಗುವಿಕೆಗೂ ಲೋಕದ ಶೀತೋಷ್ಣಕ್ಕೂ ಇರುವ ಸಂಬಂಧವನ್ನು ಇಲ್ಲಿ ವಿಚಾರಿಸೋಣ.

ಮಳೆಯ ನೀರು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ತುಸು ಹುಳಿಯಾಗುವುದು. ಈ ನೀರು ಶಿಲೆಯೊಳಗಿನ ಸುಣ್ಣದ ಅಂಶವನ್ನು ಮೆಲ್ಲಮೆಲ್ಲನೆ ಕರಗಿಸುವುದು. ಅದರಲ್ಲಿ ಸ್ವಲ್ಪವು ನಮ್ಮ ಎರೆ ಹೊಲಗಳಲ್ಲಿಯೇ ಸುಣ್ಣದ ಹರಳಾಗಿ ನಿಲ್ಲುವುದು. ಉಳಿದುದನ್ನು ದೇವದುರ್ಗದ ಕಡೆ ಕೃಷ್ಣೆಯೂ ಮಾನ್ವಿಯ ಕಡೆ ತುಂಗಭದ್ರೆಯೂ ಹೊತ್ತು, ಮುಂದೆ ಒಂದುಗೂಡಿ, ಬಂಗಾಳಕೊಲ್ಲಿಗೆ ಒಪ್ಪಿಸುವವು. ಕಡಲಿನ ಜೀವಿಗಳು ಅದರಿಂದ ಚಿಪ್ಪು ಕಟ್ಟಿಕೊಳ್ಳುವವು. ಅವು ಸತ್ತ ಬಳಿಕ ಚಿಪ್ಪುಗಳು ತಳದಲ್ಲಿ ಕೂಡಿ ಸುಣ್ಣಕಲ್ಲಾಗುವವು. ಹೀಗೆ ಗಾಳಿಯಲ್ಲಿದ್ದ ವಾಯುವು ಕಲ್ಲಿನಲ್ಲಿ ಸೆರೆಯಾಗುವುದು. ಕಡಲತಳವು ಭೂಗರ್ಭಕ್ಕೆ ಇಳಿಯುವ ಕಡೆಗಳಲ್ಲಿ ಆ ಕಲ್ಲು ಬೆಂದು, ಜ್ವಾಲಾಮುಖಿಗಳ ಮೂಲಕ ವಾಯುವು ಮರಳಿ ಹೊರಬರುವುದು. ಇದೇ ಈ ಚಕ್ರ.

ಇಂಗಾಲಾಮ್ಲ ವಾಯುವು ಭೂಮಿಗೆ ಕಂಬಳಿಯಿದ್ದಂತೆ. ಅದು ಹೆಚ್ಚಿದರೆ ತಾಪವು ಹೆಚ್ಚುವುದು. ತಾಪ ಹೆಚ್ಚಿದರೆ ಮಳೆ ಹೆಚ್ಚಿ, ಕಲ್ಲು ಬೇಗ ಕರಗಿ, ವಾಯುವು ತಗ್ಗುವುದು. ಸುಮಾರು 70 ಕೋಟಿ ವರ್ಷಗಳ ಹಿಂದೆ ಭೂಮಿಯು ಬಹುಮಟ್ಟಿಗೆ ಹಿಮದಿಂದ ಮುಚ್ಚಿತ್ತು. ಆಗ ಕಲ್ಲು ಕರಗುವುದು ಬಹಳವಾಗಿ ಕುಗ್ಗಿತು. ಜ್ವಾಲಾಮುಖಿಗಳು ಮಾತ್ರ ವಾಯುವನ್ನು ಉಗುಳುತ್ತಲೇ ಇದ್ದವು. ಲಕ್ಷಾಂತರ ವರ್ಷ ಹೀಗೆ ಕೂಡಿದ ವಾಯುವೇ ಹಿಮವನ್ನು ಕರಗಿಸಿತೆಂದು ಶಾಸ್ತ್ರಜ್ಞರ ಮತ.

ಈಗ ಈ ಚಕ್ರದ ಲೆಕ್ಕವು ತಪ್ಪಿರುವುದು. ನಮ್ಮ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲನ್ನು ಉರಿಸಿ ವಿದ್ಯುತ್ತನ್ನು ಉತ್ಪಾದಿಸುತ್ತ ಬಂದಿರುವರು. ಸಿಂಗರೇಣಿಯಂತಹ ಗಣಿಗಳ ಕಲ್ಲಿದ್ದಲು 25 ಕೋಟಿ ವರ್ಷಗಳಿಗೂ ಹಿಂದಿನ ಅರಣ್ಯಗಳ ಅವಶೇಷ. ಅಷ್ಟು ಕಾಲ ನೆಲದಲ್ಲಿ ಹುದುಗಿದ್ದುದು ಒಂದು ಗಳಿಗೆಯಲ್ಲಿ ಹೊಗೆಯಾಗುವುದು. ಇಂತಹ ಒಲೆಗಳು ಲೋಕದಲ್ಲೆಲ್ಲಾ ಉರಿದುದರಿಂದ, ಹತ್ತು ಲಕ್ಷ ಪಾಲು ಗಾಳಿಯಲ್ಲಿ 1750ರ ಸುಮಾರಿಗೆ 280 ಪಾಲಿದ್ದ ಈ ವಾಯುವು 2024ರಲ್ಲಿ 420 ಪಾಲನ್ನು ಮೀರಿತು. ಬೆಟ್ಟಗಳು ಇದನ್ನು ಎಂದಾದರೂ ತಗ್ಗಿಸಿಯಾವು. ಆದರೆ ಅದಕ್ಕೆ ಲಕ್ಷಾಂತರ ವರ್ಷ ಬೇಕು. ನಮ್ಮ ಮಕ್ಕಳು ಅಷ್ಟು ಕಾಲ ಕಾಯಬಲ್ಲರೇ?

ಆ ವಿದ್ಯುತ್ತಿನ ಬೆಳಕಿನಲ್ಲಿ ನಮ್ಮ ಹೆಣ್ಣುಮಕ್ಕಳು ಓದಿ ಮುಂದೆ ಬಂದರು. ಆದುದರಿಂದ ನಾವು ಅದನ್ನು ಹಳಿಯಲಾರೆವು. ಆದರೆ ದೀಪವನ್ನು ಮಿತವಾಗಿ ಉರಿಸುವುದೂ, ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವುದೂ ನಮ್ಮಿಂದಾಗದ ಕಾರ್ಯಗಳಲ್ಲ. ರಾಯಚೂರಿನಲ್ಲಿ ಬಿಸಿಲಿಗೇನು ಕೊರತೆ?